ಸಂಬಂಧಕ್ಕೊಂದು ಹೆಸರು: ತಗಾಮೆಯವರ ‘ತಮ್ಮನ ಗಂಡ’

ಭಾವ, ಮೈದುನ, ಅತ್ತಿಗೆ ಮೊದಲಾದ ಪದಗಳು ಕೇವಲ ಕರೆಯುವ ಅನುಕೂಲಕ್ಕಾಗಿ ಹುಟ್ಟಿದವಲ್ಲ. ಒಬ್ಬನನ್ನು ಭಾವನೆಂದು ಕರೆದೊಡನೆ ಅವನಿಗೆ ಮನೆಯಲ್ಲಿ ಒಂದು ಸ್ಥಾನವೂ ಕರೆದವನಿಗೆ ಅವನ ವಿಷಯದಲ್ಲಿ ಒಂದು ಹೊಣೆಯೂ ಏರ್ಪಡುತ್ತವೆ. ಹೆಸರಿಲ್ಲದ ಸಂಬಂಧಕ್ಕೆ ಇವೆರಡೂ ದೊರೆಯುವುದು ಕಷ್ಟ. ಜಪಾನಿನ ಗೆಂಗೊರೋ ತಗಾಮೆಯವರ ‘ಒತೋತೊ ನೊ ಒತ್ತೊ’ ಎಂಬ ಚಿತ್ರಕಾದಂಬರಿಯ ವಸ್ತು ಇದೇ. ಶೀರ್ಷಿಕೆಯ ಅರ್ಥ ‘ತಮ್ಮನ ಗಂಡ’. ಈ ಎರಡು ಪದಗಳು ಒಂದಾಗಿ ಬಂದಾಗ ಕನ್ನಡದ ಕಿವಿಗೆ ಉಂಟಾಗುವ ಮುಜುಗರವನ್ನೇ ಕೃತಿಕಾರರು ತಮ್ಮ ದೇಶದ ಓದುಗರಲ್ಲಿಯೂ ನಿರೀಕ್ಷಿಸಿ ಕಥೆಯನ್ನು ಆರಂಭಿಸುತ್ತಾರೆ.

2014ರಿಂದ 2017ರವರೆಗೆ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು ನಾಲ್ಕು ಸಂಪುಟಗಳಲ್ಲಿ ಮುಗಿದ ಈ ಕೃತಿಯ ಕಥಾನಕ ಸರಳವಾದುದು. ಯಾಯಿಚಿ ವಿಚ್ಛೇದಿತ ಗೃಹಸ್ಥ. ಮಗಳು ಕಾನಾಳನ್ನು ಒಬ್ಬನೇ ಸಾಕುತ್ತಿದ್ದಾನೆ. ಅವನ ಅವಳಿ ಸಹೋದರ ರಿಯೋಜಿ ಕೆನಡಾಕ್ಕೆ ಹೋಗಿ, ಅಲ್ಲಿ ಮೈಕ್ ಎಂಬವನನ್ನು ವಿವಾಹವಾಗಿ, ಅನಂತರ ತೀರಿಕೊಂಡಿದ್ದಾನೆ. ಆ ಮೈಕ್ ಒಂದು ದಿನ ಯಾಯಿಚಿಯ ಮನೆಬಾಗಿಲಿಗೆ ಬರುತ್ತಾನೆ. ಹೊಸ ಬಂಧುವೊಬ್ಬ ಸಿಕ್ಕನೆಂದು ಮಗಳು ಹಿಗ್ಗುತ್ತಾಳೆ. ತಂದೆ ಒಳಗೊಳಗೇ ಕುಗ್ಗುತ್ತಾನೆ.

ತಗಾಮೆಯವರು ಯಾಯಿಚಿಯನ್ನು ದುಷ್ಟನನ್ನಾಗಿ ಚಿತ್ರಿಸಿಲ್ಲ. ಅವನು ಸಭ್ಯ, ಅತಿಥಿಯನ್ನು ನೋಯಿಸಲೊಲ್ಲ. ಆದರೆ ಒಂದು ಚೌಕಟ್ಟಿನಲ್ಲಿ ಅವನ ಮನಸ್ಸಿನಲ್ಲಿ ಸಿಡಿಯುವ ಕಟುನುಡಿಯನ್ನು ತೋರಿಸಿ, ಮುಂದಿನದರಲ್ಲಿ ಅವನು ಹೊರಗೆ ಆಡುವ ಮೃದುಮಾತನ್ನು ತೋರಿಸುವ ಕ್ರಮವು ಆ ಸಭ್ಯತೆಯ ಒಳಮುಖವನ್ನು ಓದುಗರ ಮುಂದಿಡುತ್ತದೆ. ಪರಿಚಿತರು ಕೇಳಿದಾಗ ಅವನು ಮೈಕ್‌ನನ್ನು ತಮ್ಮನ ಸ್ನೇಹಿತನೆಂದು ಪರಿಚಯಿಸುತ್ತಾನೆ. ಈ ಮಾತಿನಿಂದ ಯಾರಿಗೂ ಪೆಟ್ಟಾದಂತೆ ಕಾಣುವುದಿಲ್ಲ. ಆದರೂ ಸತ್ತ ತಮ್ಮನ ಬಾಳಿನ ಮುಖ್ಯ ಸಂಗತಿಯೊಂದು ಆ ಒಂದು ಪದದಲ್ಲಿ ಅಳಿಸಿಹೋಗುತ್ತದೆ. ಪರದೇಶದಲ್ಲಿ ಸಲ್ಲುವ ಮದುವೆ ಇಲ್ಲೇಕೆ ಸಲ್ಲದು ಎಂಬ ಮಗುವಿನ ಪ್ರಶ್ನೆಗೆ ತಂದೆಯಲ್ಲಿ ಉತ್ತರವಿಲ್ಲ.

ಧಾರಾವಾಹಿ ಪ್ರಕಟವಾಗುತ್ತಿದ್ದ ಕಾಲದಲ್ಲಿಯೇ ಜಪಾನಿನ ಸ್ಥಳೀಯ ಆಡಳಿತಗಳು ಇದೇ ಪ್ರಶ್ನೆಯನ್ನು ಎದುರಿಸತೊಡಗಿದ್ದವು. 2015ರ ನವೆಂಬರ್ 5ರಂದು ಟೋಕಿಯೋ ಮಹಾನಗರದ ಶಿಬುಯಾ ವಾರ್ಡಿನ ಆಡಳಿತವು ಸಲಿಂಗ ಜೋಡಿಗಳಿಗೆ ಸಹಜೀವನದ ಪ್ರಮಾಣಪತ್ರವನ್ನು ನೀಡಲಾರಂಭಿಸಿತು. ಸೆತಗಾಯಾ ವಾರ್ಡಿನಲ್ಲಿಯೂ ಅದೇ ದಿನ ಇಂಥ ವ್ಯವಸ್ಥೆ ಜಾರಿಗೆ ಬಂದಿತು. ಬರಬರುತ್ತ ನೂರಾರು ನಗರಗಳು ಈ ದಾರಿಯನ್ನು ಹಿಡಿದವು. 2022ರ ನವೆಂಬರ್‌ನಲ್ಲಿ ಇಡೀ ಟೋಕಿಯೋ ಮಹಾನಗರಕ್ಕೆ ಇದು ವಿಸ್ತರಿಸಿತು. ಬಾಡಿಗೆಮನೆ ಹಿಡಿಯುವಾಗ, ಆಸ್ಪತ್ರೆಯಲ್ಲಿ ಸಂಗಾತಿಯ ಬಳಿ ನಿಲ್ಲಬೇಕಾದಾಗ ಈ ಪತ್ರ ನೆರವಾಗಬಹುದು. ಆದರೆ ಉತ್ತರಾಧಿಕಾರವನ್ನಾಗಲಿ, ಸಂಗಾತಿಯ ಮಗುವಿನ ಮೇಲಿನ ಪಾಲಕತ್ವವನ್ನಾಗಲಿ, ವಿದೇಶಿ ಸಂಗಾತಿಗೆ ಪತಿ ಅಥವಾ ಪತ್ನಿಯ ನೆಲೆಯಲ್ಲಿ ವಾಸದ ಹಕ್ಕನ್ನಾಗಲಿ ಅದು ಕೊಡಲಾರದು. ಅವು ರಾಷ್ಟ್ರದ ಕಾನೂನಿಗೆ ಸೇರಿದವು. 2024ರಲ್ಲಿ ನಾಗಸಾಕಿ ಪ್ರಾಂತ್ಯದ ಓಮುರಾ ನಗರವು ಪುರುಷ ಜೋಡಿಯೊಂದರ ನಿವಾಸ ದಾಖಲೆಯಲ್ಲಿ ಒಬ್ಬನನ್ನು ‘ನೋಂದಣಿಯಾಗದ ಗಂಡ’ ಎಂಬರ್ಥದಲ್ಲಿ ನಮೂದಿಸಿದಾಗ, ಇದರಿಂದ ವ್ಯಾವಹಾರಿಕ ತೊಡಕುಂಟಾಗುವುದೆಂದು ಕೇಂದ್ರ ಸಚಿವಾಲಯ ತಿಳಿಸಿತು. ತಗಾಮೆಯವರ ಶೀರ್ಷಿಕೆಯಲ್ಲಿದ್ದ ಪದವೇ ಇಲ್ಲಿಯೂ ವಿವಾದದ ಮೂಲವಾಯಿತು.

ಈ ಹಿನ್ನೆಲೆಯಲ್ಲಿ ನೋಡಿದಾಗ ಕೃತಿಯ ಒಂದು ಕೊರತೆ ಎದ್ದು ಕಾಣುತ್ತದೆ. ಮದುವೆ ನಡೆದದ್ದು ಕೆನಡಾದಲ್ಲಿ. ದಂಪತಿಗಳಲ್ಲಿ ಒಬ್ಬನು ಈಗ ಇಲ್ಲ. ಉಳಿದವನು ಕೆಲವು ವಾರಗಳ ಅತಿಥಿ. ಆದ್ದರಿಂದ ಆಸ್ತಿ, ಚಿಕಿತ್ಸೆ, ಮಕ್ಕಳು ಮುಂತಾದ ಕಠಿಣ ವಿಷಯಗಳು ಯಾಯಿಚಿಯ ಮನೆಯೊಳಗೆ ಕಾಲಿಡುವುದೇ ಇಲ್ಲ. ಮೈಕ್‌ನ ಸೌಜನ್ಯವೂ ಎಲ್ಲಿಯೂ ಕದಡುವುದಿಲ್ಲ. ಹಕ್ಕನ್ನು ಕೇಳದ, ಸಿಟ್ಟಾಗದ, ಕೊನೆಗೆ ಹೊರಟುಹೋಗುವ ಬಂಧುವನ್ನು ಒಪ್ಪಿಕೊಳ್ಳುವುದು ಸುಲಭ. ಪಕ್ಕದ ಬೀದಿಯಲ್ಲಿಯೇ ನೆಲೆಸಿ, ನ್ಯಾಯಾಲಯಕ್ಕೆ ಹೋಗುವ ಜೋಡಿಯನ್ನು ಒಪ್ಪಲು ಯಾಯಿಚಿ ಇನ್ನೂ ಬಹಳ ದೂರ ನಡೆಯಬೇಕಾಗುತ್ತಿತ್ತು. ರಿಯೋಜಿಯ ಹಳೆಯ ಸಹಪಾಠಿ ಕಾತೊ ತನ್ನ ಒಲವನ್ನು ಮರೆಮಾಚಿಯೇ ಬದುಕುತ್ತಿರುವುದನ್ನು ತೋರಿಸುವ ಪುಟಗಳಲ್ಲಿ ಮಾತ್ರ ಈ ಕಠೋರತೆಯ ನೆರಳು ಬೀಳುತ್ತದೆ. ಆ ನೆರಳು ಕೃತಿಯಲ್ಲಿ ಇನ್ನಷ್ಟು ದಟ್ಟವಾಗಬೇಕಿತ್ತು.

ಹಾಗೆಂದು ಕೃತಿಯ ನೈತಿಕ ಬಲವನ್ನು ಅಲ್ಲಗಳೆಯಲಾಗದು. ಮೈಕ್‌ನ ವಿಷಯವನ್ನು ಕಾನಾ ಶಾಲೆಯಲ್ಲಿ ಹೇಳಿಕೊಂಡಳೆಂದು ಶಿಕ್ಷಕರು ಯಾಯಿಚಿಯನ್ನು ಕರೆಸಿದಾಗ, ಹಿಂದೆ ‘ಸ್ನೇಹಿತ’ ಎಂಬ ಪದದ ಮರೆಗೆ ಸರಿದಿದ್ದ ಅದೇ ಮನುಷ್ಯ ಮಗಳ ಪರವಾಗಿ ದೃಢವಾಗಿ ನಿಲ್ಲುತ್ತಾನೆ. ಅವನ ಪರಿವರ್ತನೆಗೆ ಯಾವ ಉಪದೇಶವೂ ಕಾರಣವಲ್ಲ. ಜೊತೆಗೆ ಕುಳಿತು ಉಂಡದ್ದು, ತಮ್ಮನನ್ನು ಕುರಿತು ತಾನೆಂದೂ ಕೇಳದಿದ್ದುದನ್ನು ಕೇಳಿ ತಿಳಿದದ್ದು, ತಮ್ಮನಿಂದ ದೂರವಾದ ವರ್ಷಗಳಿಗಾಗಿ ಮರುಗಿದ್ದು ಇವೇ ಕಾರಣ.

ಜಪಾನಿನ ಸಂವಿಧಾನದ 24ನೆಯ ವಿಧಿಯು ವಿವಾಹವು ಉಭಯ ಲಿಂಗದವರ ಸಮ್ಮತಿಯನ್ನು ಆಧರಿಸಬೇಕೆನ್ನುತ್ತದೆ. 2021ರ ಮಾರ್ಚ್ 17ರಂದು ಸಪ್ಪೊರೊ ಜಿಲ್ಲಾ ನ್ಯಾಯಾಲಯವು ಸಲಿಂಗ ವಿವಾಹಕ್ಕೆ ಅವಕಾಶವಿಲ್ಲದಿರುವುದು ಸಮಾನತೆಗೆ ವಿರುದ್ಧವೆಂದು ಮೊದಲ ಬಾರಿಗೆ ತೀರ್ಪಿತ್ತಿತು. 2024 ಮತ್ತು 2025ರಲ್ಲಿ ಐದು ಉಚ್ಚ ನ್ಯಾಯಾಲಯಗಳು ಈಗಿನ ವ್ಯವಸ್ಥೆಯನ್ನು ಅಸಂವಿಧಾನಿಕವೆಂದವು. 2025ರ ನವೆಂಬರ್ 28ರಂದು ಟೋಕಿಯೋ ಉಚ್ಚ ನ್ಯಾಯಾಲಯದ ಮತ್ತೊಂದು ಪೀಠ ಇದಕ್ಕೆ ವಿರುದ್ಧವಾದ ನಿರ್ಣಯವನ್ನು ನೀಡಿತು. ನಗರಾಡಳಿತಗಳು ಕೊಟ್ಟ ಪತ್ರಕ್ಕೂ ರಾಷ್ಟ್ರವು ಕೊಡದಿರುವ ಹಕ್ಕಿಗೂ ನಡುವಿನ ಅಂತರವನ್ನು ಕಥೆಯೊಂದು ತುಂಬಲಾರದು; ಅದು ಶಾಸನದ ಕೆಲಸ. ಆದರೆ ಶಾಸನ ಬಂದ ಮೇಲೂ ನೆರೆಹೊರೆಯವರ ಮುಂದೆ ಆ ಬಂಧುವನ್ನು ಯಾವ ಹೆಸರಿನಿಂದ ಪರಿಚಯಿಸಬೇಕೆಂಬುದನ್ನು ಗೃಹಸ್ಥನೇ ನಿರ್ಧರಿಸಬೇಕಾಗುತ್ತದೆ. ಆ ನಿರ್ಧಾರದ ಕಷ್ಟವನ್ನು ಹಗುರಗೊಳಿಸದೆ, ಅದು ಸಾಧ್ಯವೆಂಬುದನ್ನು ಮನಗಾಣಿಸಿರುವುದು ಈ ಕೃತಿಯ ಸಾರ್ಥಕತೆ.