ನೆರಳನ್ನು ಕಂಡವನ ನೆರಳು

ಆತ್ಮಕಥೆಯೊಂದನ್ನು ಓದುವಾಗ ವಾಚಕನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಬರೆದವನು ತನ್ನನ್ನು ಕುರಿತು ಏನು ಹೇಳಿದ್ದಾನೆ ಎಂಬುದು ಮೊದಲನೆಯದು. ಏನನ್ನು ಹೇಳದೆ ಬಿಟ್ಟಿದ್ದಾನೆ ಎಂಬುದು ಎರಡನೆಯದು. ಇತರರ ವಿಷಯದಲ್ಲಿ ಎರಡನೆಯ ಪ್ರಶ್ನೆಯನ್ನು ನಾವು ಅಷ್ಟಾಗಿ ಒತ್ತಿ ಕೇಳಬೇಕಾಗಿಲ್ಲ. ಆದರೆ ಮನುಷ್ಯನು ತನ್ನಿಂದಲೇ ಬಚ್ಚಿಟ್ಟುಕೊಂಡಿರುವುದನ್ನು ಹುಡುಕಿ ತೆಗೆಯುವುದೇ ಯಾರ ಜೀವನದ ಕಾಯಕವಾಗಿತ್ತೋ ಅಂಥವರ ಆತ್ಮಕಥೆಯಲ್ಲಿ ಅದೇ ಪ್ರಧಾನವಾದ ಪ್ರಶ್ನೆಯಾಗುತ್ತದೆ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಗುಸ್ತಾವ್ ಯೂಂಗ್ (1875–1961) ತಮ್ಮ ಇಳಿವಯಸ್ಸಿನಲ್ಲಿ, 1957ರಿಂದ, ಕಾರ್ಯದರ್ಶಿನಿ ಅನಿಯೇಲಾ ಯಾಫೆ ಅವರಿಗೆ ಹೇಳಿ ಬರೆಯಿಸಿದ, ಕೆಲವು ಭಾಗಗಳನ್ನು ತಾವೇ ಬರೆದ, ‘ನೆನಪುಗಳು, ಕನಸುಗಳು, ಚಿಂತನೆಗಳು’ ಎಂಬ ಗ್ರಂಥವು ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು. ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ನಾವು ಇದನ್ನು ಓದಿದ್ದೆವು. ಈಚೆಗೆ ಮತ್ತೆ ಓದುವ ಪ್ರಸಂಗ ಒದಗಿತು. ಮಠಕ್ಕೆ ಬಂದ ತರುಣನೊಬ್ಬನು, ನಗರಗಳಲ್ಲಿ ತನ್ನಂಥ ಅನೇಕರು ‘ನೆರಳಿನ ಸಾಧನೆ’ಯನ್ನು ಕೈಕೊಂಡಿದ್ದಾರೆಂದೂ, ಕೆಲವು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಏಕಾಂತದಲ್ಲಿ ಉತ್ತರ ಬರೆಯುತ್ತ ಹೋದರೆ ತನ್ನ ಗುಪ್ತಸ್ವರೂಪ ತನಗೆ ತಿಳಿಯುವುದೆಂದೂ ಹೇಳಿ, ಇದು ಸರಿಯೇ ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರವನ್ನು ಯೂಂಗರ ಬಾಳಿನಲ್ಲಿಯೇ ಹುಡುಕುವುದು ಉಚಿತವೆಂದು ನಮಗೆ ತೋರಿತು.

ಮೊದಲು ಅವರ ಸಿದ್ಧಾಂತವನ್ನು ನೋಡೋಣ. ಸಮಾಜದಲ್ಲಿ ಬಾಳುವ ಪ್ರತಿಯೊಬ್ಬನೂ ಒಂದು ಮುಖವಾಡವನ್ನು ತೊಡಬೇಕಾಗುತ್ತದೆ. ಪ್ರಾಚೀನ ರೋಮಿನ ನಟರು ಧರಿಸುತ್ತಿದ್ದ ಮುಖವಾಡದ ಹೆಸರನ್ನೇ ತೆಗೆದುಕೊಂಡು ಯೂಂಗರು ಇದನ್ನು ‘ಪರ್ಸೋನಾ’ ಎಂದು ಕರೆದರು. ಅಧ್ಯಾಪಕ, ವೈದ್ಯ, ಧರ್ಮಗುರು – ಇವೆಲ್ಲ ಅಂಥ ಮುಖವಾಡಗಳೇ. ಈ ಮುಖವಾಡಕ್ಕೆ ಒಪ್ಪದ ಭಾವ, ಬಯಕೆ, ದೌರ್ಬಲ್ಯಗಳನ್ನು ಮನಸ್ಸು ಹಿಂದಕ್ಕೆ ತಳ್ಳುತ್ತದೆ. ತಳ್ಳಿದ್ದು ಅಳಿಯುವುದಿಲ್ಲ, ಬೆನ್ನ ಹಿಂದೆ ಸೇರಿ ಬೆಳೆಯುತ್ತದೆ. ಅದೇ ‘ನೆರಳು’. 1951ರಲ್ಲಿ ಪ್ರಕಟವಾದ ‘ಆಯಾನ್’ ಎಂಬ ಗ್ರಂಥದಲ್ಲಿ ಅವರು ಇದನ್ನು ಒಂದು ನೈತಿಕ ಸಮಸ್ಯೆಯೆಂದೇ ನಿರೂಪಿಸಿದ್ದಾರೆ. ತನ್ನ ನೆರಳನ್ನು ತನ್ನದೆಂದು ಒಪ್ಪಿಕೊಳ್ಳಲು ಬುದ್ಧಿ ಸಾಲದು, ಧೈರ್ಯ ಬೇಕು. ಆ ಧೈರ್ಯವಿಲ್ಲದವನು ತನ್ನ ಒಳಗಿನದನ್ನು ಹೊರಗಿನವರ ಮೇಲೆ ಆರೋಪಿಸುತ್ತಾನೆ. ದೋಷವೆಲ್ಲ ಅವರಲ್ಲಿಯೇ ಇದೆಯೆಂದು ಪ್ರಾಮಾಣಿಕವಾಗಿ ನಂಬುತ್ತಾನೆ.

ಇಲ್ಲಿ ಒಂದು ಮಾತು ಗಮನಾರ್ಹವಾಗಿದೆ. ಕನ್ನಡದಲ್ಲಿ ‘ನೆರಳು’ ಎಂದೊಡನೆ ಕತ್ತಲೆಯ ಭಾವವಷ್ಟೇ ಮೂಡುವುದಿಲ್ಲ. ಮರದ ನೆರಳು, ಹಿರಿಯರ ನೆರಳು ಎಂಬಲ್ಲಿ ಆ ಶಬ್ದಕ್ಕೆ ತಂಪೂ ಇದೆ, ಆಸರೆಯೂ ಇದೆ. ಯೂಂಗರ ಅಭಿಪ್ರಾಯಕ್ಕೆ ಇದು ಹೊರತಾದುದಲ್ಲ. ನೆರಳಿನಲ್ಲಿ ಕೇಡು ಮಾತ್ರವೇ ಇರುವುದೆಂದು ಅವರು ಹೇಳಲಿಲ್ಲ. ಸಹಜವಾದ ಪ್ರವೃತ್ತಿಗಳೂ ಸೃಷ್ಟಿಶಕ್ತಿಯೂ ಅಲ್ಲಿ ಅಡಗಿರಬಹುದೆಂದರು. ನಮ್ಮವರು ಕಾಮಕ್ರೋಧಾದಿಗಳನ್ನು ಅರಿಷಡ್ವರ್ಗವೆಂದು ಕರೆದರು. ಸಂಸ್ಕೃತದಲ್ಲಿ ‘ಅರಿ’ ಎಂದರೆ ಶತ್ರು. ಕನ್ನಡದಲ್ಲಿ ‘ಅರಿ’ ಎಂದರೆ ತಿಳಿ. ಶತ್ರುವೆಂದು ಹೊರಗಟ್ಟುವ ಮೊದಲು ಅದು ತನ್ನ ಮನೆಯದೇ ಎಂದು ತಿಳಿಯಬೇಕೆಂಬುದು ಯೂಂಗರ ಕಾಣಿಕೆಯ ಸಾರ.

ಈ ಮಾತಿನ ಸತ್ಯವನ್ನು ನಾವು ಸ್ವತಃ ಅನುಭವಿಸಿದ್ದೇವೆ. ಚಿಕ್ಕವಯಸ್ಸಿನಲ್ಲಿ ನಮಗೆ ಒಬ್ಬ ಸ್ವಾಮಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವರಿಗೆ ಸಭೆಗಳ ಹಂಬಲ, ಹಾರತುರಾಯಿಗಳ ಹಂಬಲ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಒಂದು ದಿನ ಹಿರಿಯ ಗುರುಗಳು ಎಲ್ಲವನ್ನೂ ಕೇಳಿ, “ಹಾರ ಹಾಕಿಸಿಕೊಂಡವರು ಅವರು. ಅದರ ಭಾರ ನಿನ್ನ ಕೊರಳಿಗೆ ಯಾಕಪ್ಪ ತಗುಲಬೇಕು?” ಎಂದರು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಯೂಂಗರ ಗ್ರಂಥಗಳ ನೂರಾರು ಪುಟಗಳಲ್ಲಿ ತಿಳಿದಿದ್ದ ವಿಷಯ ಆ ಒಂದು ಪ್ರಶ್ನೆಯಿಂದ ನಾಟಿತು.

ಆತ್ಮಕಥೆಯಲ್ಲಿ ಬರುವ ಅತ್ಯಂತ ಸುಂದರವಾದ ಪ್ರಸಂಗವೆಂದರೆ ಯೂಂಗರು ತಾರುಣ್ಯದಲ್ಲಿ ಕಂಡ ಒಂದು ಕನಸು. ರಾತ್ರಿಯ ವೇಳೆ, ಬಿರುಗಾಳಿ, ದಟ್ಟವಾದ ಮಂಜು. ಅಂಗೈಗಳ ನಡುವೆ ಒಂದು ಸಣ್ಣ ದೀಪವನ್ನು ಕಾಪಾಡುತ್ತ ಅವರು ನಡೆಯುತ್ತಿದ್ದಾರೆ. ಹಿಂದಿನಿಂದ ಒಂದು ದೈತ್ಯಾಕಾರದ ಕಪ್ಪು ಆಕೃತಿ ಬರುತ್ತಿದೆ. ಭಯವಾದರೂ ದೀಪವನ್ನು ಬಿಡುವುದಿಲ್ಲ. ಎಚ್ಚರವಾದ ಮೇಲೆ ಅವರಿಗೆ ಹೊಳೆಯಿತು: ಆ ಆಕೃತಿ ಮಂಜಿನ ಮೇಲೆ ಬಿದ್ದ ತಮ್ಮದೇ ನೆರಳು, ಅದನ್ನು ಹುಟ್ಟಿಸಿದ್ದು ತಮ್ಮ ಕೈಯ ದೀಪವೇ. ಬೆಳಕನ್ನು ಹಿಡಿದವನಿಗೆ ನೆರಳು ತಪ್ಪದು. ಜ್ಞಾನದ ಹಾದಿ ಹಿಡಿದ ಯಾರಾದರೂ ಮರೆಯಬಾರದ ದರ್ಶನವಿದು.

ಆದರೆ ಇನ್ನೊಂದು ಕನಸನ್ನು ಓದುವಾಗ ನಮ್ಮ ಮನಸ್ಸು ತಡೆಯುತ್ತದೆ. ಫ್ರಾಯ್ಡರಿಂದ ದೂರವಾದ ವರ್ಷ, 1913ರ ಡಿಸೆಂಬರ್ 18ರಂದು ಕಂಡ ಕನಸು ಅದು. ಜರ್ಮನ್ ಪುರಾಣವೀರ ಸೀಗ್‌ಫ್ರೀಡನನ್ನು ಯೂಂಗರು ಕೊಲ್ಲುತ್ತಾರೆ. ಕೊಲೆಗೆ ಮುಂದಾಗುವವನು ಅವರ ಜೊತೆಗಿರುವ ಕಂದುಬಣ್ಣದ ಒಬ್ಬ ಕಾಡುಮನುಷ್ಯ. ಹಟದಿಂದ ಜಗತ್ತನ್ನು ಆಳಬಯಸುವ ವೀರಭಾವವನ್ನು ತಾವು ಕೊಲ್ಲಬೇಕಾಗಿತ್ತೆಂದು ಅವರು ಅರ್ಥ ಹೇಳುತ್ತಾರೆ, ಇದು ಒಪ್ಪತಕ್ಕದ್ದು. ಆದರೆ ಆ ಕಂದುಬಣ್ಣದವನು ತಮ್ಮ ಆದಿಮ ನೆರಳೆಂದು ಹೇಳಿ ಮುಂದೆ ಹೋಗುತ್ತಾರೆ. ಬಿಳಿಯನ ಒಳಗಿನ ಒರಟುತನಕ್ಕೆ ಕಂದುಬಣ್ಣದ ಮೈ ಏಕೆ ಬಂದಿತು? ಯುರೋಪು ತನಗೆ ಒಪ್ಪದುದನ್ನೆಲ್ಲ ಆಫ್ರಿಕ, ಏಷ್ಯಾಗಳ ಜನರ ಮೇಲೆ ಹೊರಿಸಿದ್ದ ಕಾಲವದು. ಆರೋಪಣೆಯ ತತ್ತ್ವವನ್ನು ಲೋಕಕ್ಕೆ ಕಲಿಸಿದವರು ತಮ್ಮ ಕನಸಿನಲ್ಲಿಯೇ ಇದ್ದ ಆರೋಪಣೆಯನ್ನು ಪ್ರಶ್ನಿಸಲಿಲ್ಲ. ಒಬ್ಬನ ನೆರಳನ್ನು ಅವನು ಕಾಣಬಹುದು. ಇಡೀ ಕಾಲದ ನೆರಳಿನಲ್ಲಿ ನಿಂತವನಿಗೆ ಅದು ನೆರಳೆಂದೇ ತೋರುವುದಿಲ್ಲ.

ಇದಕ್ಕಿಂತ ಗುರುತರವಾದುದು 1933ರ ಪ್ರಕರಣ. ಹಿಟ್ಲರನು ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದ ಆ ವರ್ಷ ಯೂಂಗರು ಮನಶ್ಚಿಕಿತ್ಸಕರ ಸಂಘವೊಂದರ ಅಧ್ಯಕ್ಷರಾದರು. ಅದರ ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿಕೊಂಡರು. 1934ರಲ್ಲಿ ಯಹೂದ್ಯರ ಮನಸ್ಸು ಬೇರೆ, ಜರ್ಮನರ ಮನಸ್ಸು ಬೇರೆ ಎಂದು ತೂಗಿ ನೋಡುವ ಲೇಖನವನ್ನು ಆ ಪತ್ರಿಕೆಯಲ್ಲಿ ಬರೆದರು. ಯಹೂದ್ಯರನ್ನು ಕೆಲಸಗಳಿಂದ ಹೊರದೂಡುತ್ತಿದ್ದ ದಿನಗಳವು. ನ್ಯಾಯವಾಗಿ ಹೇಳುವುದಾದರೆ, ಜರ್ಮನಿಯ ಶಾಖೆಯಲ್ಲಿ ಸ್ಥಾನ ಕಳೆದುಕೊಂಡ ಯಹೂದಿ ವೈದ್ಯರು ಅಂತರರಾಷ್ಟ್ರೀಯ ಸಂಘಕ್ಕೆ ವೈಯಕ್ತಿಕ ಸದಸ್ಯರಾಗುವಂತೆ ಅವರು ಅವಕಾಶ ಮಾಡಿಕೊಟ್ಟರು. ಆದರೂ ಹಿಂಸೆ ನಡೆಯುತ್ತಿರುವಾಗ ಹಿಂಸಕನ ಭಾಷೆಗೆ ವಿದ್ವಾಂಸನ ಮುದ್ರೆ ಒತ್ತಿದಂತಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಯೂಂಗರು ಲಂಡನ್ನಿನ ಬಿ.ಬಿ.ಸಿ. ಆಕಾಶವಾಣಿಯಲ್ಲಿ ಮಾತನಾಡಿ, ಪ್ರತಿಯೊಬ್ಬ ಜರ್ಮನನೂ ಹಿಟ್ಲರನಲ್ಲಿ ತನ್ನ ನೆರಳನ್ನು ಕಾಣಬೇಕಾಗಿತ್ತೆಂದರು. ಮಾತು ಸತ್ಯವಾದದ್ದೇ. ಆದರೆ ಅಲ್ಲಿಯೂ ನೆರಳು ಇತರರದಾಗಿಯೇ ಉಳಿಯಿತು. ಕನಸುಗಳನ್ನು ಅಷ್ಟು ಸೂಕ್ಷ್ಮವಾಗಿ ಶೋಧಿಸುವ ಈ ಆತ್ಮಕಥೆಯಲ್ಲಿ 1933–34ರ ತಮ್ಮ ನಡೆಯ ಶೋಧನೆ ಇಲ್ಲ. ಕೃತಿಯ ದೊಡ್ಡ ಕೊರತೆ ಇದೆಂದು ನಮ್ಮ ಅಭಿಪ್ರಾಯ.

ಗ್ರಂಥದಲ್ಲಿ ಇಲ್ಲದ ಒಂದು ಪ್ರಸಂಗ ಬೇರೆ ಮೂಲದಿಂದ ತಿಳಿದುಬರುತ್ತದೆ. ಯಹೂದಿ ಧರ್ಮಗುರು ಲೇಯೊ ಬೆಕ್ ನಾತ್ಸಿಗಳ ಬಂದೀಶಿಬಿರದಿಂದ ಬದುಕಿ ಬಂದವರು. ಯುದ್ಧಾನಂತರ ಅವರು ಜ್ಯೂರಿಕ್ ನಗರಕ್ಕೆ ಬಂದಾಗ ಯೂಂಗರು ಆಹ್ವಾನವಿತ್ತರೂ ಅವರ ಮನೆಗೆ ಹೋಗಲೊಲ್ಲದೆ ಹೋದರು. ಆಗ ಯೂಂಗರೇ ಅವರು ಇಳಿದಿದ್ದ ಹೋಟೆಲಿಗೆ ಬಂದರು. ಬೆಕ್ ಅವರು ಕೇಳಿದ್ದನ್ನೆಲ್ಲ ಮುಖಾಮುಖಿಯಾಗಿ ಕೇಳಿದರು. ದೀರ್ಘವಾದ ಆ ಸಂಭಾಷಣೆಯಲ್ಲಿ ಯೂಂಗರು ತಾವು ಕಾಲುಜಾರಿದ್ದನ್ನು ಒಪ್ಪಿಕೊಂಡರು. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ವಿದ್ವಾಂಸ ಗೆರ್ಷೋಮ್ ಶೋಲೆಮರು 1963ರಲ್ಲಿ ಯಾಫೆ ಅವರಿಗೆ ಬರೆದ ಪತ್ರದಿಂದ ಇದು ನಮಗೆ ಲಭಿಸಿದೆ. ಅಷ್ಟು ವರ್ಷಗಳ ಆತ್ಮಶೋಧನೆಯಿಂದ ಬಾಯಿಗೆ ಬಾರದ ಮಾತು, ನೊಂದವನೊಬ್ಬನು ಎದುರಿಗೆ ಕುಳಿತಾಗ ಬಂದಿತು.

ಇನ್ನು ನಮ್ಮ ಕಡೆಗೆ ತಿರುಗೋಣ. ಯೂಂಗರು ನಮ್ಮ ನಾಡನ್ನೂ ಕಂಡವರು. ಕಲಕತ್ತೆಯ ವಿಜ್ಞಾನ ಸಮ್ಮೇಳನಕ್ಕಾಗಿ 1937ರ ಕೊನೆಯಲ್ಲಿ ಭಾರತಕ್ಕೆ ಬಂದ ಅವರು ಮೈಸೂರಿನಲ್ಲಿ ಮಹಾರಾಜರ ಅತಿಥಿಯಾಗಿದ್ದು, ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರೊಡನೆ ತತ್ತ್ವವಿಚಾರ ನಡೆಸಿದರು. ಭಾರತೀಯ ಸಾಧಕನ ಮೇಲೆ ಅವರದೊಂದು ಆಕ್ಷೇಪಣೆ ಇದೆ. ಅವನು ಒಳಿತು ಕೆಡುಕುಗಳೆರಡನ್ನೂ ದಾಟಿ ನಿರ್ದ್ವಂದ್ವನಾಗಲು ಬಯಸುತ್ತಾನೆ. ಆದರೆ ರಾಗದ್ವೇಷಗಳ ಬೆಂಕಿಯನ್ನು ಹಾಯದವನು ಅವನ್ನು ಗೆದ್ದವನಲ್ಲ ಎಂದು. ಈ ಆಕ್ಷೇಪಣೆ ಅರ್ಧ ಸರಿ. ನಿರ್ದ್ವಂದ್ವವು ಹಾದಿಯ ಕೊನೆಯ ನೆಲೆ. ಅದನ್ನು ಮೊದಲ ಹೆಜ್ಜೆಯಲ್ಲಿಯೇ ನೆಪ ಮಾಡಿಕೊಳ್ಳುವವರು ನಮ್ಮಲ್ಲಿ ಅನೇಕರಿದ್ದಾರೆ. ಎಲ್ಲವೂ ಶಿವನ ಲೀಲೆಯೆಂದು ತನ್ನ ಕೋಪಕ್ಕೂ ಲೋಭಕ್ಕೂ ಉತ್ತರ ಹೇಳದೆ ಉಳಿಯುವುದು ಸುಲಭ.

ಇನ್ನರ್ಧ ಸರಿಯಲ್ಲ. ನಮ್ಮ ಪರಂಪರೆಯಲ್ಲಿ ನೆರಳನ್ನು ಎದುರಿಸಿದವರಿದ್ದಾರೆ. ಬಸವಣ್ಣನವರು ತಮ್ಮ ಮನದ ಚಂಚಲತೆಯನ್ನೂ ಭಕ್ತಿಯಲ್ಲಿ ನುಸುಳುವ ತೋರಿಕೆಯನ್ನೂ ಶರಣರ ಸಮ್ಮುಖದಲ್ಲಿಯೇ ಹೇಳಿಕೊಂಡರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಹೋಗಿ, ಕೆರೆ ದೇಗುಲಗಳ ಕಾರ್ಯದಲ್ಲಿ ಮುಳುಗಿದ್ದ ಸಿದ್ಧರಾಮರನ್ನು ಕೆಣಕುತ್ತಾರೆ. ಲೋಕೋಪಕಾರಿಯಾದ ಆ ಶಿವಯೋಗಿಯಲ್ಲಿ ಅಡಗಿದ್ದ ಕೋಪ ಉರಿಯಾಗಿ ಹೊರಬೀಳುತ್ತದೆ. ಕೋಪ ಹೊರಬಿದ್ದ ಮೇಲೆಯೇ ಅರಿವು ಒಳಹೊಕ್ಕಿತು. ಸಿದ್ಧರಾಮರು ಒಬ್ಬರೇ ಕುಳಿತು ಕೇಳಿಕೊಂಡಿದ್ದರೆ ತಮ್ಮಲ್ಲಿ ಕೋಪವಿದೆಯೆಂಬುದು ತಿಳಿಯುತ್ತಿತ್ತೆ?

ತರುಣನಿಗೆ ನಾವು ಕೊಟ್ಟ ಉತ್ತರವೂ ಇದೇ. ಬರೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಪ್ರಶ್ನೆಯೂ ನಿನ್ನದೇ, ಉತ್ತರವೂ ನಿನ್ನದೇ ಆದಾಗ ತೀರ್ಪು ನಿನ್ನ ಕಡೆಗೇ ಆಗುತ್ತದೆ. ಬರೆದುದನ್ನು ನಿನ್ನಿಂದ ನೊಂದಿರುವ ಒಬ್ಬರಿಗೆ ತೋರಿಸುವ ಧೈರ್ಯವಿದೆಯೇ ನೋಡು. ಬೆನ್ನು ತನಗೆ ಕಾಣುವುದಿಲ್ಲ, ಎದುರಿಗಿರುವವನು ಹೇಳಬೇಕು.

ಇದನ್ನು ಹೇಳುವಾಗ ನಮಗೊಂದು ಅಳುಕು ಇಲ್ಲದಿಲ್ಲ. ಕಾವಿಗಿಂತ ದಟ್ಟವಾದ ಮುಖವಾಡ ಯಾವುದಿದೆ? ಬಂದವರೆಲ್ಲ ಪಾದಕ್ಕೆ ನಮಸ್ಕರಿಸುವ ಸ್ಥಾನದಲ್ಲಿ ಕುಳಿತವನಿಗೆ ತಪ್ಪನ್ನು ತೋರುವವರು ಯಾರು? ಹಾರದ ಭಾರವನ್ನು ಕುರಿತು ಕೇಳಿದ ಆ ಗುರುಗಳು ಲಿಂಗೈಕ್ಯರಾಗಿ ಹಲವು ವರ್ಷಗಳು ಕಳೆದವು. ಅವರ ತರುವಾಯ ಅಂಥ ಪ್ರಶ್ನೆಯನ್ನು ನಮ್ಮನ್ನು ಯಾರೂ ಕೇಳಿಲ್ಲ. ನಮ್ಮಲ್ಲಿ ಕೇಳತಕ್ಕದ್ದು ಏನೂ ಉಳಿದಿಲ್ಲವೆಂದು ಇದರ ಅರ್ಥವಲ್ಲ. ಈ ಲೇಖನವನ್ನು ಓದಿದ ಸದ್ಭಕ್ತರಲ್ಲಿ ಒಬ್ಬರಾದರೂ ಬಂದು ಕೇಳಿದರೆ, ಬರೆದುದು ಸಾರ್ಥಕವೆಂದು ತಿಳಿಯುತ್ತೇವೆ.