ಸಾವನದುರ್ಗದ ಗುಹೆ ಮತ್ತು ಸಂಗ್ರಾಹಕನ ಹಂಬಲ

ರಾಮನಗರದ ಬಂಡೆಗಳೆಂದೊಡನೆ ಚಿತ್ರರಸಿಕರಿಗೆ ನೆನಪಾಗುವುದು 1975ರ ‘ಶೋಲೆ’. ಅದೇ ಬೆಟ್ಟಸಾಲಿನಲ್ಲಿ, ರಾಮದೇವರಬೆಟ್ಟದಲ್ಲಿಯೂ ಮಾಗಡಿಯ ಸಾವನದುರ್ಗದಲ್ಲಿಯೂ, ಡೇವಿಡ್ ಲೀನ್ ತನ್ನ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಮರಬಾರ್ ಪ್ರಸಂಗವನ್ನು ಚಿತ್ರೀಕರಿಸಿದನೆಂಬುದನ್ನು ನೆನೆಯುವವರು ವಿರಳ. ಇ. ಎಂ. ಫಾರ್‌ಸ್ಟರನ 1924ರ ಕಾದಂಬರಿಗೆ ಬಿಹಾರದ ಬರಾಬರ್ ಗುಹೆಗಳು ಪ್ರೇರಣೆ. ಚಿತ್ರಕ್ಕೆ ಬೇಕಾದ ಗುಹಾದ್ವಾರಗಳನ್ನಾದರೋ ಚಿತ್ರತಂಡವೇ ಇಲ್ಲಿಯ ಬಂಡೆಗಳಲ್ಲಿ ಕೊರೆಯಿಸಿತು.

ಆ ಕತ್ತಲೆಯಲ್ಲಿ ಅಡೆಲಾಳಿಗೆ ಏನಾಯಿತೆಂಬುದನ್ನು ಕಾದಂಬರಿಕಾರ ಹೇಳುವುದಿಲ್ಲ, ಲೀನನೂ ತೋರಿಸುವುದಿಲ್ಲ. ಆದರೆ ಆತ ಮೂಲದಲ್ಲಿಲ್ಲದ ದೃಶ್ಯವೊಂದನ್ನು ಮೊದಲೇ ಸೇರಿಸಿದ್ದಾನೆ. ಸೈಕಲ್ಲಿನಲ್ಲಿ ಒಂಟಿಯಾಗಿ ಹೊರಟ ಅಡೆಲಾ ಪಾಳುಗುಡಿಯ ಶೃಂಗಾರಶಿಲ್ಪಗಳನ್ನು ಕಂಡು, ಕೋತಿಗಳಿಗೆ ಬೆದರಿ ಹಿಂದಿರುಗುತ್ತಾಳೆ. ಗುಹೆಯ ಒಗಟಿಗೆ ಹೀಗೆ ಮುಂಚಿತವಾಗಿಯೇ ಉತ್ತರದ ಸುಳಿವು ದೊರೆಯುತ್ತದೆ. ಜೂಡಿ ಡೇವಿಸಳ ಮುಖವೇ ಇಷ್ಟನ್ನು ಹೇಳಬಲ್ಲದಾಗಿತ್ತು. ಶಿಲ್ಪಗಳ ವ್ಯಾಖ್ಯಾನ ಅನಗತ್ಯವಾಗಿತ್ತು.

ಅಂತರಂಗದ ಇಂತಹ ಚಿತ್ರಗಳನ್ನು ಸಂಗ್ರಾಹಕರು ಅರಸಿ ಹೋಗುವುದೇಕೆ? ವಿರಳತೆಯೇ ಕಾರಣವೆಂದರೆ ಅಂಚೆಚೀಟಿಗೂ ಚಲನಚಿತ್ರಕ್ಕೂ ಭೇದವೇ ಉಳಿಯದು. ‘ಶೋಲೆ’ಯನ್ನು ಗೀರುಬಿದ್ದ ಪ್ರತಿಯಲ್ಲಿ ನೋಡಿದರೂ ‘ಶೋಲೆ’ಯೇ, ಅದರ ಸಂಭಾಷಣೆಯ ಧ್ವನಿಮುದ್ರಿಕೆಗಳನ್ನಷ್ಟೇ ಕೇಳಿ ತಣಿದವರೂ ಉಂಟು. ಮನೋವ್ಯಾಪಾರವನ್ನು ಕಣ್ಣಿನ ಅಲುಗಾಟದಲ್ಲಿ, ಮಾತಿನ ನಡುವಣ ಮೌನದಲ್ಲಿ ಹಿಡಿಯುವ ಕೃತಿಗೆ ಆ ಭಾಗ್ಯವಿಲ್ಲ. ಪ್ರತಿ ಮಸುಕಾದರೆ ಅಲ್ಲಿ ಕೃತಿಯೇ ಮಸುಕಾಗುತ್ತದೆ. ಒಳ್ಳೆಯ ಪ್ರತಿಗಾಗಿ ಸಂಗ್ರಾಹಕ ಪಡುವ ಪಾಡು, ಹೊರಗಿನವರಿಗೆ ಗೀಳೆಂದು ಕಂಡರೂ, ಮೂಲತಃ ವಿಮರ್ಶಕನ ಪಾಡೇ ಆಗಿದೆ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇದಕ್ಕೆ ಉತ್ತಮ ನಿದರ್ಶನ. ಯಮುನೆಯ ದುರಂತವನ್ನು ಬಾಲಕ ನಾಣಿಯ ಅರೆತಿಳಿವಿನ ಮೂಲಕ ಕಾಣಿಸುವ ಈ ಕಪ್ಪು-ಬಿಳುಪು ಚಿತ್ರದಲ್ಲಿ ಎಸ್. ರಾಮಚಂದ್ರರ ಛಾಯಾಗ್ರಹಣ ಕತ್ತಲೆಗೂ ಹಲವು ಪದರಗಳನ್ನು ಕೊಟ್ಟಿದೆ. ಸವೆದ ಪ್ರತಿಯಲ್ಲಿ ಆ ಪದರಗಳೆಲ್ಲ ಒಂದೇ ಮಸಿಯಾಗಿ, ಹುಡುಗನ ಭಯ ಕೇವಲ ಕಥಾಸಂಗತಿಯಾಗಿ ಉಳಿಯುತ್ತದೆ. ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಮರುವರ್ಷ ಬೊಲೊನ್ಯಾದಲ್ಲಿ ‘ಶೋಲೆ’ಯೂ ತನ್ನ ಮೂಲ ಅಂತ್ಯದೊಡನೆ ತೆರೆಗೆ ಮರಳಿತು.

ನಿರ್ದೇಶನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಪಿ. ಲಂಕೇಶರ ‘ಪಲ್ಲವಿ’ಯನ್ನು (1976) ಈ ದೃಷ್ಟಿಯಿಂದ ಮತ್ತೆ ನೋಡಬೇಕಾಗಿದೆ. ಹೆಣ್ಣಿನ ಮನಸ್ಸಿನೊಳಗಿಂದಲೇ ಕಥೆ ಹೇಳಲು ಕನ್ನಡದಲ್ಲಿ ನಡೆದ ಧೀರ ಯತ್ನಗಳಲ್ಲಿ ಅದೊಂದು. ಅದರ ಕುರಿತು ಓದಿದವರಿಗಿಂತ ಅದನ್ನು ಕಂಡವರ ಸಂಖ್ಯೆ ಬಹುಶಃ ಕಡಿಮೆ.