ಗುಣಿಸಲು ಬಾರದ ಮೇಷ್ಟ್ರು

ಅಸೆಂಬ್ಲಿ ಭಾಷೆ ಕಲಿಸಲು ಇಂಟೆಲ್ 8085 ಮೈಕ್ರೊಪ್ರೊಸೆಸರಿನಂಥ ಮೇಷ್ಟ್ರು ಇನ್ನೊಬ್ಬರಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಎಷ್ಟೋ ತಂಡಗಳು ಅದರ ಕಿಟ್ಟಿನ ಗುಂಡಿ ಒತ್ತಿ ಹೋಗಿವೆ. ಪರದೆಯಿಲ್ಲ, ಮೌಸಿಲ್ಲ, ಕೆಂಪಗೆ ಹೊಳೆಯುವ ನಾಲ್ಕಾರು ಅಂಕಿ, ಅಷ್ಟೆ. 3ಇ 05, 06 03, 80, 76. ಅಂದರೆ ಎ ರಿಜಿಸ್ಟರಿಗೆ ಐದು, ಬಿಗೆ ಮೂರು, ಕೂಡು, ನಿಲ್ಲು.

ಈ ಮೇಷ್ಟ್ರಿಗೆ ಗುಣಾಕಾರವೇ ಬರುವುದಿಲ್ಲ. ಬೇಕಿದ್ದರೆ ಮತ್ತೆ ಮತ್ತೆ ಕೂಡಿಸಿಕೊಳ್ಳಬೇಕು.

ಆದರೆ ನಿಜವಾದ ರುಚಿ ಇರುವುದು ಲೆಕ್ಕದ ಫಲ ಹೇಗಿತ್ತೆಂದು ಗುರುತಿಡುವ ಫ್ಲ್ಯಾಗುಗಳಲ್ಲಿ. ಡಿಸಿಆರ್ ಆದೇಶ ಒಂದು ರಿಜಿಸ್ಟರಿನಿಂದ ಒಂದನ್ನು ಕಳೆದು, ಸೊನ್ನೆಯಾದರೆ ಝೀರೋ ಫ್ಲ್ಯಾಗ್ ಎತ್ತುತ್ತದೆ. ಜೋಡಿ ರಿಜಿಸ್ಟರಿನಿಂದ ಕಳೆಯುವ ಡಿಸಿಎಕ್ಸ್ ಮಾತ್ರ ಯಾವ ಫ್ಲ್ಯಾಗನ್ನೂ ಮುಟ್ಟುವುದಿಲ್ಲ! ಅದನ್ನೇ ನಂಬಿ ಲೂಪ್ ಬರೆದವರಿಗೆ ಲೂಪ್ ಮುಗಿಯುವುದೇ ಇಲ್ಲ, ಇಲ್ಲವೇ ಹಳೆಯ ಫ್ಲ್ಯಾಗ್ ನೋಡಿ ಮೊದಲ ಸುತ್ತಿಗೇ ಹೊರಬೀಳುತ್ತದೆ. ಜೋಡಿಯ ಒಂದು ಅರ್ಧವನ್ನು ಎಗೆ ತಂದು, ಇನ್ನೊಂದರೊಡನೆ ಓಆರ್ ಮಾಡಿದರಷ್ಟೇ ಎರಡೂ ಸೊನ್ನೆಯೋ ಅಲ್ಲವೋ ತಿಳಿಯುವುದು. ಈ ಪೇಚಾಟ ಕಲಿಸಿದಷ್ಟನ್ನು ಯಾವ ಬ್ಲಾಕ್ ಚಿತ್ರವೂ ಕಲಿಸದು.

ಇನ್ನು ಈ ಚಿಪ್ಪಿಗೆ ಇರುವ ಕಾಲುಗಳು, ಅಂದರೆ ಪಿನ್ನುಗಳು, 40 ಮಾತ್ರ. ಅದಕ್ಕೇ 16 ಬಿಟ್ ವಿಳಾಸದ ಕೆಳಗಿನ ಎಂಟು ಗೆರೆಗಳಲ್ಲೇ ದತ್ತಾಂಶವೂ ಓಡಾಡುತ್ತದೆ; ಈಗ ಇರುವುದು ವಿಳಾಸ ಎಂದು ಸಾರಲು ಎಎಲ್ಇ ಎಂಬ ಬೇರೊಂದು ಸಂಕೇತ. ಇಷ್ಟು ಜಿಪುಣತನದಲ್ಲಿ 64 ಕಿಲೋಬೈಟ್ ಸ್ಮೃತಿಯನ್ನು ಮುಟ್ಟುತ್ತದೆ. ಇಂದು ಎಮ್ಯುಲೇಟರಿನಲ್ಲೂ ಇದನ್ನೆಲ್ಲ ಮಾಡಬಹುದು, ಬೆರಳು ನೋಯುವುದಿಲ್ಲ.